ಕುಪ್ಪತ್ತೆ ಬಳಿದ ಹಸಿರು ಅಲಮಾರಿ

ನನ್ನ ಮಾವ ನಂಜುಂಡನ್ ಅವರನ್ನು ಬೀದಿಯೆಲ್ಲ ದೊಡ್ಡ ಮನುಷ್ಯ ಎನ್ನುತ್ತಿತ್ತು. ಎನ್ನಲಿ ಬಿಡಿ, ಬೀದಿಯವರೇನು ಅವರ ಅಡಿಗೆಮನೆಗೆ ಬಂದು ನೋಡಿದ್ದರೇ? ನಾನು ನೋಡಿದ್ದೇನೆ. ಅವರ ಅಕ್ಕ ಕುಪ್ಪಮ್ಮನ ಕಥೆ ಹೇಳಬೇಕಾದರೆ ಆ ಅಡಿಗೆಮನೆಯಿಂದಲೇ ಶುರು ಮಾಡಬೇಕು.

ಕುಪ್ಪತ್ತೆಗೆ ಹದಿಮೂರಕ್ಕೆ ಮದುವೆ, ಹದಿನೈದಕ್ಕೆ ಕುಂಕುಮ ಹೋಯಿತು. ಕೊಯಮತ್ತೂರಿನ ನೇಕಾರರ ಬೀದಿಯಲ್ಲಿದ್ದ ತವರಿಗೆ ವಾಪಸು ಬಂದವಳು ಮತ್ತೆಲ್ಲಿಗೂ ಹೋಗಲಿಲ್ಲ. ತಮ್ಮನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಾಗ ಆ ಕೂಸನ್ನು ಎತ್ತಿ ಬೆಳೆಸಿದವಳೂ ಅವಳೇ. ಆ ಕೂಸೇ ನನ್ನ ಗಂಡ ಗೋಪಾಲಸಾಮಿ. ಇಪ್ಪತ್ತು ವರ್ಷ ಆ ಮನೆಯ ಒಲೆ ಅವಳದು. ಮಗ್ಗ ತಮ್ಮನದು, ನೂಲು ತಮ್ಮನದು, ಮನೆ ತಮ್ಮನದು. ಒಲೆ ಒಂದೇ ಅವಳದು. ಮದುವೆ ಮುಂಜಿಗಳಲ್ಲಿ ಹಿಂದೆ ನಿಲ್ಲಬೇಕಾದ ಹೆಂಗಸಿಗೆ ಮುಂದೆ ನಿಲ್ಲಲು ಇದ್ದ ಜಾಗ ಅದೊಂದೇ.

ಮೂವತ್ತೆರಡನೇ ಇಸವಿಯಲ್ಲಿ ನನ್ನ ಮದುವೆ ನಿಶ್ಚಯವಾಯಿತು. ವೀಳ್ಯ ಬದಲಿಸಲು ಧಾರಾಪುರದಿಂದ ಬಂದ ನನ್ನ ಅಮ್ಮ ಲಕ್ಷ್ಮಿಯಮ್ಮಾಳ್ ಮನೆಯನ್ನೆಲ್ಲ ಸುತ್ತಿ ನೋಡಿದಳು. ಅಡಿಗೆಮನೆಯಲ್ಲಿ ಗೋಡೆಗೇ ಕೂರಿಸಿದ ನಾಲ್ಕು ಬಾಗಿಲ ಮರದ ಅಲಮಾರಿ ಇತ್ತು. ಹೊಗೆ ಕುಡಿದು ಕುಡಿದು ಇದ್ದಿಲಿನಂತಾಗಿತ್ತು. ಅಮ್ಮ ಮೂಗು ಮುರಿದಳು.

"ಮನೆಯೆಲ್ಲಾ ಸೆಂದಾಗೈತೆ ಸಮ್ಮಂದಿ. ಅಡಿಗೆಮನೆ ಮಾತ್ರ ಬಾವಿಯೊಳಗೆ ಇಳಿದಂಗೈತೆ. ನಮ್ಮ ಹುಡುಗಿ ಬೆಳಕಲ್ಲಿ ಬೆಳೆದೋಳು."

ನನ್ನ ಅಮ್ಮನ ಬಾಯಿ ಅಂಥದ್ದು. ಆ ದಿನ ಆಕೆ ಸುಮ್ಮನಿದ್ದಿದ್ದರೆ ಒಂದು ಜೀವ ಅಷ್ಟು ನೋಯುತ್ತಿರಲಿಲ್ಲ ಎಂದು ಈಗಲೂ ನನಗೆ ಅನ್ನಿಸುತ್ತದೆ. ಬೀಗರನ್ನು ಕಳಿಸಿ ಬಂದ ಮಾವನವರು ಅಕ್ಕನಿಗೆ ನೆಟ್ಟಗೆ ಹೇಳಿದರಂತೆ:

"ಹೊಸ ಕೈ ಬರೋದ್ರೊಳಗೆ ಅದನ್ನ ಏನಾದ್ರು ಮಾಡಕ್ಕಾ. ಇಲ್ಲಾಂದ್ರೆ ಬಂದೋಳೇ ಮಾಡ್ಕೊಳ್ತಾಳೆ. ನೀನು ಜಗಲೀಲಿ ಕೂತು ಕಂಡಿಕೆಗೆ ನೂಲು ಸುತ್ತು."

ಅಲಮಾರಿ ಹೊಸದಾದರೆ ಒಲೆ ತನ್ನದಾಗಿಯೇ ಉಳಿಯುತ್ತದೆ, ಇಲ್ಲವಾದರೆ ಜಗಲಿ. ಕುಪ್ಪತ್ತೆಗೆ ಅರ್ಥವಾದದ್ದು ಇಷ್ಟೇ. ಅರ್ಥವಾದದ್ದು ಸರಿಯಾಗಿಯೇ ಇತ್ತು.

ಬಣ್ಣ ಬಳಿಯುವವನನ್ನು ಕರೆಯುವಂತಿರಲಿಲ್ಲ. ನಮ್ಮದು ಜನಿವಾರದ ಮನೆ, ಮಾಂಸ ಮುಟ್ಟದ ಮನೆ, ಹೊರಗಿನವರು ಒಲೆಯ ಹತ್ತಿರ ಸುಳಿಯಬಾರದು. ಅಲಮಾರಿಯನ್ನು ಗೋಡೆಯಿಂದ ಕಿತ್ತು ಆಚೆ ತರುವಂತೆಯೂ ಇರಲಿಲ್ಲ. ಹಾಗಾಗಿ ಅತ್ತೆಯೇ ಸೆರಗು ಸಿಕ್ಕಿಸಿಕೊಂಡಳು. ಮೂರು ದಿನ ಸೀಗೆಪುಡಿ, ಬೂದಿ ಹಾಕಿ ಮಸಿ ಉಜ್ಜಿದಳು. ಉಗುರೆಲ್ಲ ಸವೆದುಹೋಯಿತಂತೆ. ಬಣ್ಣದ ವಿಷಯದಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಹುಟ್ಟಿದಾಗಿನಿಂದ ನೂಲಿಗೆ ಬಣ್ಣ ಹಾಕುವುದನ್ನು ಕಂಡವಳಲ್ಲವೇ? ಸೀಮೆ ಬಣ್ಣದ ಹಸಿರು ಪುಡಿಯನ್ನು ಅಕ್ಕಿ ಗಂಜಿಗೆ ಕಲಸಿ, ಮಗ್ಗದ ಹಾಸುನೂಲಿಗೆ ಗಂಜಿ ಬಳಿಯುವ ಕುಂಚದಲ್ಲೇ ನಾಲ್ಕೂ ಬಾಗಿಲಿಗೆ ಹಚ್ಚಿದಳು. ನೂಲು ಕುಡಿಯುವ ಹಾಗೆ ಮರವೂ ಕುಡಿಯುತ್ತದೆ ಎಂದುಕೊಂಡಳು ಪಾಪ. ನೇಕಾರರ ಮನೆಯ ಹೆಂಗಸು ಬೇರೆ ಹೇಗೆ ಯೋಚಿಸಿಯಾಳು!

ಎರಡು ದಿನ ಚೆನ್ನಾಗಿತ್ತು. ಮೂರನೇ ದಿನ ಅನ್ನದ ಹಬೆ ತಾಗಿ ಬಣ್ಣ ನೀರಾಗಿ ಇಳಿಯಿತು. ಉಪ್ಪಿನ ಜಾಡಿ, ಉಪ್ಪಿನಕಾಯಿ ಭರಣಿ, ಮಾವನವರ ತಟ್ಟೆ ಎಲ್ಲ ಹಸಿರು. ನಾನು ಮನೆ ತುಂಬಲು ಹದಿನೈದೇ ದಿನ ಉಳಿದಿತ್ತು.

ಮಾವನವರು ಪೇಟೆಗೆ ಹೋಗಿ ಯಾರನ್ನೋ ವಿಚಾರಿಸಿ ಒಂದು ಪೊಟ್ಟಣ ತಂದುಕೊಟ್ಟರು. ಒಳಗೆ ಕಂದು ಬಣ್ಣದ, ಗಾಜಿನಂತೆ ಹೊಳೆಯುವ ಚೂರುಗಳು. ಕಾಯಿಸಿ ಕರಗಿಸಿ ಬಣ್ಣಕ್ಕೆ ಸೇರಿಸಿದರೆ ಜನ್ಮಕ್ಕೂ ಬಿಡುವುದಿಲ್ಲ ಎಂದರು.

"ಇದೇನು ನಂಜುಂಡಾ?"

"ಪಿಸಿನು ಅಕ್ಕಾ, ಮರದ ಅಂಟು."

ಅವಳು ಅದನ್ನು ಒಲೆಯ ಮೇಲಿಟ್ಟಳು. ಮನೆಯೆಲ್ಲ ನಾತ ಹೊಡೆಯಿತು. ಯಾವ ಮರ ಇಷ್ಟು ನಾರುತ್ತದೆ ಎಂದು ಕೇಳಿದ್ದಕ್ಕೆ, ಬಳಿದು ಮುಗಿಸು, ಒಣಗಿದರೆ ಹೋಗುತ್ತದೆ ಎಂದರಂತೆ. ಬಳಿದು ಮುಗಿಸಿದಳು. ಈ ಸಲ ಬಣ್ಣ ಗಟ್ಟಿಯಾಗಿ ಕೂತಿತು. ನಿಜ ಹೇಳುತ್ತೇನೆ, ಅಷ್ಟು ಚೆಂದದ ಅಲಮಾರಿಯನ್ನು ನಾನು ಯಾರ ಮನೆಯಲ್ಲೂ ಕಂಡಿಲ್ಲ. ಎಳೆ ಬಾಳೆಎಲೆಯ ಹಸಿರು. ಬಾಗಿಲ ಅಂಚಿಗೆಲ್ಲ ಸೀರೆಯ ಅಂಚಿನ ಹಾಗೆ ಅರಿಸಿನದ ಬಣ್ಣದಲ್ಲಿ ಸಣ್ಣ ಗೆರೆ ಎಳೆದಿದ್ದಳು.

ನನ್ನನ್ನು ಮನೆ ತುಂಬಿಸಲು ಕರೆತಂದ ಅಮ್ಮನನ್ನು ಅತ್ತೆಯೇ ಕೈಹಿಡಿದು ಅಡಿಗೆಮನೆಗೆ ಕರೆದುಕೊಂಡು ಹೋದಳು. ನಾನೂ ಹಿಂದೆಯೇ ಇದ್ದೆ. ಅವಳ ಮುಖದಲ್ಲಿ ಆಗ ಇದ್ದ ಸಂತೋಷವನ್ನು ನಾನು ಮತ್ತೆಂದೂ ನೋಡಲಿಲ್ಲ.

ಅಮ್ಮ ಅಲಮಾರಿ ನೋಡಿ ಬೆರಗಾದಳು. ಆಮೇಲೆ ಮೂಗೇರಿಸಿದಳು. ಧಾರಾಪುರದಲ್ಲಿ ನಮ್ಮ ಗೋಡೆಗೆ ಅಂಟಿದಂತೆ ಬಡಗಿಯ ಕೊಟ್ಟಿಗೆ ಇತ್ತು, ಆ ವಾಸನೆ ಆಕೆಗೆ ಚೆನ್ನಾಗಿ ಗೊತ್ತು. ಗೂಡಿನಲ್ಲಿ ಉಳಿದಿದ್ದ ಒಂದು ಕಂದು ಚೂರು ಕಣ್ಣಿಗೆ ಬಿತ್ತು.

"ಅಯ್ಯೋ, ಇದು ವಜ್ರದ ಅಂಟು ಅಲ್ವಾ! ಬಡಗಿ ಮರಕ್ಕೆ ಹಾಕೋದು. ತೊಗಲು ಕುದಿಸಿ ಮಾಡ್ತಾರೆ. ಇದನ್ನ ಈ ಒಲೇಲಿ ಕಾಯಿಸಿದ್ದಾ?"

ಕುಪ್ಪತ್ತೆ ಬಾಗಿಲಲ್ಲಿ ನಿಂತಿದ್ದ ತಮ್ಮನ ಕಡೆ ನೋಡಿದಳು. "ನಂಗೊತ್ತಿಲ್ಲ. ತಮ್ಮನ್ನ ಕೇಳಿ" ಎಂದಳು.

ಮಾವನವರು ಗಂಟಲು ಸರಿಮಾಡಿಕೊಂಡರು. "ನಾನೇನು ಕಂಡೆ? ಅಡಿಗೆಮನೆ ಸಮಾಚಾರ ಎಲ್ಲಾ ಅಕ್ಕಂದೇ."

ಎಷ್ಟು ಸಲೀಸಾಗಿ ಕೈ ತೊಳೆದುಕೊಂಡರು! ನನ್ನ ಗಂಡ ಅಪ್ಪನ ಪಕ್ಕದಲ್ಲೇ ನಿಂತಿದ್ದರು, ತುಟಿ ಬಿಚ್ಚಲಿಲ್ಲ. ಹೊಸ ಬೀಗರ ಮುಂದೆ ತಮ್ಮನನ್ನು ಸುಳ್ಳುಗಾರ ಎನ್ನಲು ಅತ್ತೆಗೆ ನಾಲಿಗೆ ಬರಲಿಲ್ಲ.

ಮಾರನೇ ದಿನ ಕುಲದ ಹಿರಿಯರು ಬಂದು ಕೂತು ತೀರ್ಮಾನ ಹೇಳಿದರು. ಒಲೆ ಒಡೆದು ಹೊಸದು ಹಾಕಬೇಕು. ಅಲಮಾರಿಗೆ ಗೋಮೂತ್ರ ಚಿಮುಕಿಸಿದರೆ ಸಾಕು, ಗೋಡೆಗೆ ಕೂತಿರುವುದನ್ನು ಕೀಳುವುದು ಕಷ್ಟ. ಆ ಒಲೆಯ ಮೇಲೆ ಬೆಂದದ್ದನ್ನು ಎರಡು ವಾರ ಉಂಡ ಗಂಡಸರು ಜನಿವಾರ ಬದಲಿಸಿದರೆ ಸರಿಹೋಯಿತು. ಕೈಯಾರೆ ಕಾಯಿಸಿ ಬಳಿದವಳು ಮಾತ್ರ ಭವಾನಿ ಕೂಡಲಿಗೆ ಹೋಗಿ ಮುಳುಗಿ ಬರಬೇಕು, ಅಲ್ಲಿಯವರೆಗೆ ಒಲೆಯ ಹತ್ತಿರ ಬರುವಂತಿಲ್ಲ.

ಅಕ್ಕನನ್ನು ಭವಾನಿಗೆ ಕರೆದುಕೊಂಡು ಹೋಗುವುದಾಗಿ ಮಾವನವರು ಎಲ್ಲರ ಮುಂದೆ ಒಪ್ಪಿಕೊಂಡರು. ಮೊದಲನೇ ತಿಂಗಳು ಮಗ್ಗದಲ್ಲಿ ಅವಸರದ ಸೀರೆ ಇತ್ತು. ಎರಡನೇ ತಿಂಗಳು ಮಳೆ. ಆಮೇಲೆ ಕಾರಣ ಹೇಳುವುದನ್ನೂ ಬಿಟ್ಟರು. ಅಕ್ಕ ಜಗಲಿಯಲ್ಲಿ ಬೆಳಗಿನಿಂದ ಸಂಜೆವರೆಗೆ ರಾಟೆ ತಿರುಗಿಸಿ ಕಂಡಿಕೆ ಸುತ್ತುತ್ತಿದ್ದಳು, ಒಳಗೆ ಅಡಿಗೆಗೆ ನಾನಿದ್ದೆ. ಅವರಿಗೇನು ತೊಂದರೆ? ಅತ್ತೆ ಬಳಿದ ಅಲಮಾರಿಯಿಂದ ಉಪ್ಪು ತೆಗೆದು ಅಡಿಗೆ ಮಾಡಿ, ಅವಳ ಪಾಲನ್ನು ಹೊರಗೆ ತಂದಿಡುತ್ತಿದ್ದೆ. ಅವಳು ದೂರ ಸರಿದು ತಟ್ಟೆ ತೆಗೆದುಕೊಳ್ಳುತ್ತಿದ್ದಳು. ಒಂದು ದಿನವೂ ನನ್ನ ಅಡಿಗೆಗೆ ಹೆಸರಿಡಲಿಲ್ಲ. ಹೆಸರಿಡುವಂತೆಯೇ ಇರುತ್ತಿತ್ತು ಅದು.

ಹೀಗೆ ಆರು ವರ್ಷ. ಮಾವನವರು ತೀರಿಕೊಂಡರು. ಹದಿಮೂರನೇ ದಿನದ ಕೆಲಸ ಮುಗಿದ ಮೇಲೆ ನನ್ನ ಗಂಡ ಅಳುತ್ತಾ ನನ್ನ ಹತ್ತಿರ ಬಾಯಿಬಿಟ್ಟರು.

"ಅವತ್ತು ಅಪ್ಪನ ಜೊತೆ ಬಡಗಿ ಹತ್ರ ನಾನೂ ಹೋಗಿದ್ದೆ. ಅದು ತೊಗಲಿಂದು ಅಂತ ಅವನು ಬಿಡಿಸಿ ಹೇಳ್ದ. ಅತ್ತೆಗೆ ಹೇಳ್ಬೇಡ ಅಂದ್ರು ಅಪ್ಪಾ."

ನನಗೆ ಮೈ ಉರಿದುಹೋಯಿತು. ತಾಯಿಯಂತೆ ಸಾಕಿದವಳಿಗೆ ಇವರು ಮಾಡಿದ ಉಪಕಾರ ಇದು! ಅವರನ್ನು ಅಲ್ಲೇ ಬಿಟ್ಟು ಜಗಲಿಗೆ ಬಂದು ಎಲ್ಲವನ್ನೂ ಹೇಳಿದೆ. ನಿಮ್ಮ ತಪ್ಪು ಏನೂ ಇಲ್ಲ ಅತ್ತೆ, ಬೇಕಾದರೆ ಹಿರಿಯರ ಮುಂದೆಯೂ ಹೇಳುತ್ತೇನೆ ಎಂದೆ.

ಕುಪ್ಪತ್ತೆ ರಾಟೆ ನಿಲ್ಲಿಸಿದಳು.

"ಅದು ನಂಗೆ ಅವತ್ತೇ ಗೊತ್ತಾಯ್ತು ನನ್ನ ಕಣ್ಣೇ, ಅವನ ಮೊಖ ನೋಡ್ದಾಗ್ಲೇ. ಹಿರಿಯರೆಲ್ಲಾ ಯಾಕೆ? ಈಗ ಮನೆ ನಿಂದು. ನನ್ನ ಒಳಕ್ಕೆ ಕರೀತೀಯಾ?"

ಕರೆಯಬೇಕಿತ್ತು. ಒಂದೇ ಒಂದು ಮಾತು, ತಡೆಯುವವರು ಯಾರೂ ಇರಲಿಲ್ಲ. ಆದರೆ ಆರು ವರ್ಷದಲ್ಲಿ ಆ ಒಲೆ ನನ್ನದಾಗಿತ್ತು. ಅವಳು ಒಳಗೆ ಬಂದರೆ ನನ್ನ ಕೈಯ ಸೌಟು ಹೋಗುತ್ತದೆ, ನನ್ನ ಗಂಡನ ಬಾಯಿಗೆ ಅವಳ ಅಡಿಗೆಯೇ ರುಚಿಯಾಗುತ್ತದೆ ಎಂದು ನಿಂತಲ್ಲೇ ಲೆಕ್ಕ ಹಾಕಿದೆ. ಹಾಕಿದೆ ಎನ್ನಲು ಈಗ ನಾಚಿಕೆಯಾಗುತ್ತದೆ, ಆಗ ಆಗಲಿಲ್ಲ.

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದಳು. ತಮ್ಮನ ಮುಖ ಓದಿದವಳಿಗೆ ನನ್ನದು ಯಾವ ಲೆಕ್ಕ!

"ಹೋಗ್ಲಿ ಬಿಡು. ಹಸಿವಾಗ್ತೈತೆ, ಅನ್ನ ಹಾಕ್ಕೊಂಡು ಬಾ" ಎಂದಳು.

ನಾನು ಒಳಗೆ ಹೋಗಿ ತಟ್ಟೆಗೆ ಅನ್ನ ಬಡಿಸಿಕೊಂಡು ಬಂದು ಜಗಲಿಯ ಮೇಲಿಟ್ಟೆ.