ಗ್ರಾಫ್ ಕಾಗದದ ಹದಿನಾರು ಸ್ವರ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ದಿನವೂ ಸಂಜೆ ಒಂದು ಗಂಟೆ ಕಂಪ್ಯೂಟರಿನಲ್ಲಿ ಸಂಗೀತ ಜೋಡಿಸುತ್ತಿದ್ದೆ. ವಾದ್ಯಗಳ ದನಿಯನ್ನೆಲ್ಲ ಸಾಫ್ಟ್‌ವೇರೇ ಹುಟ್ಟಿಸುತ್ತಿತ್ತು. ದೊಡ್ಡಬಳ್ಳಾಪುರದ ನನ್ನ ಗೆಳೆಯ ಮಗ್ಗದವನು. ಅದಕ್ಕೂ ಹತ್ತು ವರ್ಷ ಹಿಂದೆ ಮದುವೆ ಆರ್ಕೆಸ್ಟ್ರಾದಲ್ಲಿ ಸಿಂಥಸೈಸರ್ ನುಡಿಸುತ್ತಿದ್ದ. ಅವನು ಕಟ್ಟಿದ ಹದಿನಾರು ಸ್ವರಗಳು ಆ ಯಂತ್ರದಲ್ಲಿ ತಾವಾಗಿ ಸುತ್ತುತ್ತಿದ್ದವು. ಪ್ರತಿ ಕಾರ್ಯಕ್ರಮವೂ ಅವುಗಳಿಂದಲೇ ಶುರು. ಯಂತ್ರ ಕೆಟ್ಟಿತು. ಹಾಡಿ ತೋರಿಸು ಎಂದರೆ ಅವನಿಗೆ ಬರುತ್ತಿರಲಿಲ್ಲ. ಉಳಿದದ್ದು ಸೀರೆ ಡಿಸೈನಿನ ಗ್ರಾಫ್ ಕಾಗದದಲ್ಲಿ ಆಗ ಆ ಸ್ವರಗಳನ್ನು ಗುರುತು ಹಾಕಿಟ್ಟಿದ್ದ ಒಂದು ಹಾಳೆ ಮಾತ್ರ.

ಅದನ್ನು ಮತ್ತೆ ಕೇಳಬೇಕೆಂದು ಒಂದು ಸಂಜೆ ಹಾಳೆ ಹಿಡಿದು ನನ್ನ ಬಳಿ ಬಂದ. ಸಾಲಿಗೊಂದು ಸ್ವರದಂತೆ ಕಂಪ್ಯೂಟರಿಗೆ ತುಂಬಿ ಕೇಳಿಸಿದೆ.

"ಇದು ನಮ್ದಲ್ಲ ಕಣೋ," ಎಂದು ಮುಖ ಸಣ್ಣ ಮಾಡಿದ. ಆಮೇಲೆ ಹಾಳೆ ನೋಡಿ ನಕ್ಕ. "ಲೇ, ಮೇಲಿಂದ ಓದ್ಬಿಟ್ಯಾ? ಸೀರೆನ ಯಾರಾದ್ರೂ ಮೇಲಿಂದ ನೇಯ್ತಾರಾ?"

ನೇಯುವವರು ಡಿಸೈನನ್ನು ಕೆಳಗಿನ ಸಾಲಿನಿಂದ ಓದುತ್ತಾರೆಂಬುದು ನನಗೆ ಹೊಳೆದಿರಲಿಲ್ಲ. ಎಲ್ಲವನ್ನೂ ಅಳಿಸಿ ಕೆಳಗಿನಿಂದ ತುಂಬಿದೆ. ಈ ಸಲ ಅವನ ಕಾಲು ತಾಳ ಹಾಕಿತು.

"ಇದೇ ಗುರು! ಆದ್ರೆ ನಮ್ ಮಿಷನ್ ಬಿಸಿ ಆಗ್ತಾ ಆಗ್ತಾ ಶ್ರುತಿ ಇಳೀತಿತ್ತು."

"ಅದು ದೋಷ ಕಣಯ್ಯ."

"ಇರ್ಲಿ, ಹಾಕು."

ನನಗೆ ಒಪ್ಪಿಗೆಯಿರಲಿಲ್ಲ. ಆದರೂ ಪ್ರತಿ ಸುತ್ತಿಗೂ ಶ್ರುತಿಯನ್ನು ಒಂದಿಷ್ಟೇ ಇಳಿಸಿದೆ. ಸರಿಯಿದ್ದುದನ್ನು ಬಿಟ್ಟು ಅದನ್ನೇ ಅವನು ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಹೋದ.