ವೈವಾ ನಡುವೆ ಎದ್ದು ನಿಂತ ಅವ್ವ

ಗೆಳೆಯರೇ, ನಾನು ಪಾಸು! ಗಣಿತ ಎಂ.ಎಸ್ಸಿ. ಪ್ರಬಂಧದ ವೈವಾ ಈಗಷ್ಟೇ ಮುಗಿಯಿತು. ಚಾಕ್‌ಪುಡಿ ಮೆತ್ತಿದ ಬೆರಳಲ್ಲೇ ಟೈಪ್ ಮಾಡುತ್ತಿದ್ದೇನೆ. ಆದರೆ ಇವತ್ತಿನ ನಾಯಕಿ ನಾನಲ್ಲ, ಅವ್ವ.

ವೈವಾಕ್ಕೆ ಯಾರು ಬೇಕಾದರೂ ಬಂದು ಕೂರಬಹುದು ಎಂದು ಮನೆಯಲ್ಲಿ ನಾನು ಹೇಳಿದ್ದೇ ತಪ್ಪಾಯಿತು. ಇದೇ ತೆಲುಗು ಊರಿನ ನಾಚಾರಂನಲ್ಲಿರುವ ಮನೆಯಿಂದ ಶೇಂಗಾ ಹೋಳಿಗೆ ಡಬ್ಬಿ ಸಮೇತ ನಾರಾಯಣಗೂಡದ ನಮ್ಮ ಕಾಲೇಜಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತಳು. ನನ್ನ ಇಂಗ್ಲಿಷ್ ಭಾಷಣ ಅವಳಿಗೆ ಒಂದಕ್ಷರವೂ ತಿಳಿಯಲಿಲ್ಲ.

ಕೊನೆಯ ಸ್ಲೈಡಿನಲ್ಲಿ, ಗಣಿತದವರೆಲ್ಲ ಮಾಡುವಂತೆ, ಇನ್ನೂ ಯಾರೂ ಬಿಡಿಸದ ಪ್ರಶ್ನೆಗಳನ್ನು ಹೆಮ್ಮೆಯಿಂದ ಹಾಕಿದ್ದೆ. ಹೊರಗಿನಿಂದ ಬಂದ ಪರೀಕ್ಷಕರು ಖುಷಿಯಾಗಿ ತೆಲುಗಿಗೆ ಹೊರಳಿ, ಮೊದಲನೆಯದಕ್ಕೆ ಉತ್ತರವೇನು ಎಂದು ತಮಾಷೆಗೆ ಕೇಳಿದರು.

"ತೆಲಿಯದು ಸರ್."

ಎರಡನೆಯದಕ್ಕೆ?

"ಅದೀ ತೆಲಿಯದು ಸರ್."

ಪರೀಕ್ಷಕರು ನಗುತ್ತಾ ತಲೆಯಾಡಿಸಿದರು. ಆದರೆ ಗೊತ್ತಿಲ್ಲ ಎನ್ನುವುದರ ತೆಲುಗು ಅವ್ವನಿಗೆ ಚೆನ್ನಾಗಿ ಗೊತ್ತು. ಎದ್ದೇ ನಿಂತಳು. ಗಾಬರಿಯಲ್ಲಿ ಬಂದದ್ದು ಮಾತ್ರ ಕನ್ನಡ.

"ಸರ್, ಮನ್ಯಾಗ ಭಾಳ ಓದ್ಯಾಳ್ರಿ! ಅಂಜಿ ಹಂಗ ಅನ್ನಾಕತ್ತಾಳ. ಇನ್ನೊಂದ್ಸಲ ಕೇಳ್ರಿ!"

ಅದನ್ನು ನಾನೇ ತೆಲುಗಿಗೆ ತಿರುಗಿಸಿ ಹೇಳಬೇಕಾಯಿತು. ನನ್ನ ಗೈಡ್ ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ಪರೀಕ್ಷಕರು ಮಾತ್ರ ಗಂಭೀರವಾಗಿ ಕೈಮುಗಿದು, ಆ ಉತ್ತರ ತಮಗೂ ಗೊತ್ತಿಲ್ಲ, ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲ ಎಂದು ತೆಲುಗಿನಲ್ಲಿ ಸಮಾಧಾನ ಹೇಳಿದರು. ಆಮೇಲೆ ಎರಡು ಹೋಳಿಗೆ ತಿಂದು ನನ್ನನ್ನು ಪಾಸು ಮಾಡಿದರು.

ಅವ್ವ ಈಗ ಪಕ್ಕದಲ್ಲೇ ನಿಂತು ಸೋದರಮಾವನಿಗೆ ಫೋನಿನಲ್ಲಿ ಕೂಗುತ್ತಿದ್ದಾಳೆ: "ಜಗತ್ತಿನ್ಯಾಗ ಯಾರಿಗೂ ಗೊತ್ತಿಲ್ಲದ್ದು ನಮ್ಮ ಹುಡಿಗಿಗೂ ಗೊತ್ತಿಲ್ಲಂತೋ ತಮ್ಮಾ!"