ಕಂಚುಗಾರ ಕೂಗದ ವರ್ಷ

ನನ್ನ ಅಪ್ಪನಷ್ಟು ಗಟ್ಟಿಯಾಗಿ ಮಾತಾಡುವವರು ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಇನ್ನೊಬ್ಬರಿರಲಿಲ್ಲ. ‘ಸ್ವಲ್ಪ ಉಪ್ಪು ಹಾಕು’ ಎಂದರೂ ಎದುರು ಮನೆಯ ಮರಾಠಿ ಅಜ್ಜಿ ಜಗಳವೆಂದು ಬಾಗಿಲು ತೆರೆದು ನೋಡುತ್ತಿದ್ದರು. ಅಂಥ ಮನುಷ್ಯ ಭಾನುವಾರ ಥಾಣೆಯ ಯೇವೂರು ಗುಡ್ಡ ಹತ್ತಿದರೆ ಮಧ್ಯಾಹ್ನದವರೆಗೆ ತುಟಿ ಬಿಚ್ಚುತ್ತಿರಲಿಲ್ಲ. ಗುಡ್ಡದ ಆಚೆ ಬದಿ ಬೋರಿವಲಿ. ನಡುವಿನದೆಲ್ಲ ರಾಷ್ಟ್ರೀಯ ಉದ್ಯಾನದ ಕಾಡು. ಎಪ್ಪತ್ತರ ದಶಕದ ಕೊನೆಯಲ್ಲಿ, ನಾನಿನ್ನೂ ಶಾಲೆಯಲ್ಲಿದ್ದಾಗ ಶುರುವಾದ ಈ ತಿರುಗಾಟ ಕಾಲೇಜಿಗೆ ಹೋದ ಮೇಲೂ ನಡೆದಿತ್ತು.

ಅಮ್ಮ ಬರುತ್ತಿರಲಿಲ್ಲ. “ಹಕ್ಕಿ ನೋಡ್ಲಿಕ್ಕೆ ರೈಲು ಹತ್ತಿ ಹೋಗುದಾ? ನಮ್ಮ ಉಡುಪಿಯಲ್ಲಿ ಹಕ್ಕಿಯೇ ಬಾವಿಕಟ್ಟೆಗೆ ಬರ್ತದೆ” ಎನ್ನುತ್ತಲೇ ಅವಲಕ್ಕಿಯ ಡಬ್ಬಿ ಕಟ್ಟಿಕೊಡುತ್ತಿದ್ದಳು. ಅಪ್ಪ ಸೀಟು ಸಿಗಲೆಂದು ಮೊದಲು ಉಲ್ಟಾ ದಿಕ್ಕಿನ ಗಾಡಿ ಹಿಡಿದು, ಗಾಡಿ ಹೊರಡುವ ಕಲ್ಯಾಣಕ್ಕೆ ಹೋಗಿ, ಅಲ್ಲಿಂದ ಕಿಟಕಿ ಸೀಟಿನಲ್ಲಿ ಕೂತು ಥಾಣೆಗೆ ಬರುತ್ತಿದ್ದರು. ಭಾನುವಾರ ಬೆಳಗಿನ ಗಾಡಿ ಡೊಂಬಿವಲಿಯಲ್ಲೇ ಖಾಲಿ ಇರುತ್ತದೆ ಎಂದು ಎಷ್ಟು ಹೇಳಿದರೂ ಕೇಳುವವರಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಡೊಂಬಿವಲಿಯವರ ರೈಲುಗುಣವೂ ಹಾಗೆಯೇ.

ಅಪ್ಪ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ, ತಗಡು ಒತ್ತುವ ಪ್ರೆಸ್ ಶಾಪಿನಲ್ಲಿದ್ದರು. ಆ ಗದ್ದಲದಲ್ಲಿ ಪಕ್ಕದವನ ಕಿವಿಯಲ್ಲಿ ಕಿರುಚಿದರೂ ಕೇಳುವುದಿಲ್ಲವಂತೆ. ಹಾಗಾಗಿ ಅಲ್ಲಿಯವರೆಲ್ಲ ಕೈಸನ್ನೆಯಲ್ಲೇ ಮಾತಾಡುತ್ತಿದ್ದರು. ಅಪ್ಪ ಅದೇ ಸನ್ನೆಗಳನ್ನು ಕಾಡಿಗೂ ತಂದರು. ಅಂಗೈ ಕೆಳಕ್ಕೆ ಒತ್ತಿದರೆ ಅಲ್ಲಿ ‘ಮಶೀನು ನಿಲ್ಲಿಸು’, ಇಲ್ಲಿ ‘ಅಲುಗಾಡಬೇಡ’. ಹೆಬ್ಬೆರಳು ತುಟಿಗೆ ತಂದರೆ ಅಲ್ಲಿ ಚಹಾ ಬಂತು ಎಂದು, ಇಲ್ಲಿ ಜಿಂಕೆ ನೀರಿಗೆ ಇಳಿದಿದೆ ಎಂದು. ಮೀಸೆ ತಿರುವುವುದು ಸೂಪರ್‌ವೈಸರ್ ಬಂದ ಎನ್ನುವುದಕ್ಕೆ. ಅದನ್ನು ನಾವು ಚಿರತೆಗೆ ಇಟ್ಟುಕೊಂಡಿದ್ದೆವು. ಚಿರತೆ ಒಮ್ಮೆಯೂ ಕಾಣಲಿಲ್ಲ. ಆದರೂ ಬಿದಿರುಮೆಳೆಯ ಹತ್ತಿರ ಬಂದಾಗಲೆಲ್ಲ ಅಪ್ಪ ಸುಮ್ಮನೆ ಮೀಸೆ ತಿರುವಿ ನನ್ನನ್ನು ಹೆದರಿಸುತ್ತಿದ್ದರು.

ಮೊದಮೊದಲು ಅವರೇ ಕಿವಿಯ ಹಿಂದೆ ಕೈಯಿಟ್ಟು ಆಲಿಸಿ, ದನಿ ಬಂದ ಕಡೆ ಬೆರಳು ತೋರುತ್ತಿದ್ದರು. ಮಡಿವಾಳ ಹಕ್ಕಿ, ಭೀಮರಾಜ, ಮರಕುಟಿಗ ಎಲ್ಲವನ್ನೂ ನಾನು ಹೀಗೆಯೇ ಕಲಿತೆ. ಬರುಬರುತ್ತ ಆಲಿಸುವ ಕೆಲಸ ನನ್ನದಾಯಿತು. ನಾನು ಬೆರಳು ತೋರಿದರೆ ಅವರು ದುರ್ಬೀನು ಹಿಡಿದು ಹುಡುಕುತ್ತಿದ್ದರು. ಶಿಷ್ಯೆ ತಯಾರಾದಳೆಂದು ಗುರು ಆರಾಮಾಗಿದ್ದಾರೆ ಎಂದು ನಾನು ಬೀಗಿದೆ. ಮನೆಯಲ್ಲಿ ಅಮ್ಮನ ಗೊಣಗಾಟವೂ ಹೆಚ್ಚುತ್ತಿತ್ತು. “ಇವರಿಗೆ ಹೇಳುದೂ ಒಂದೇ, ಗೋರ್ಕಲ್ಲ ಮೇಲೆ ಮಳೆ ಹೊಯ್ಯುದೂ ಒಂದೇ.” ಗಂಡಸರು ಹೆಂಡತಿಯ ಮಾತು ಕೇಳಿಸಿಕೊಳ್ಳದಿದ್ದರೆ ಅದನ್ನು ಯಾರು ರೋಗವೆನ್ನುತ್ತಾರೆ?

ಎಂಬತ್ತರ ದಶಕದ ನಡುವಿನ ಒಂದು ಬೇಸಗೆ. ಅಪ್ಪನಿಗೆ ಒಂದೇ ಕೊರಗು ಹಿಡಿಯಿತು: ಕಂಚುಗಾರ ಹಕ್ಕಿ ಈ ವರ್ಷ ಬಂದಿಲ್ಲ. ಗುಬ್ಬಿಗಿಂತ ಸ್ವಲ್ಪ ದೊಡ್ಡದು, ಮೈ ಹಸಿರು, ಹಣೆ ಕೆಂಪು. ಪಾತ್ರೆ ಬಡಿದ ಹಾಗೆ ಟಂಕ್ ಟಂಕ್ ಎಂದು ಹೊತ್ತುಗಟ್ಟಲೆ ಕೂಗುತ್ತದೆ. ಅಪ್ಪನಿಗೆ ಎಲ್ಲ ಹಕ್ಕಿಗಳಿಗಿಂತ ಅದೇ ಹೆಚ್ಚು. “ಕಾಡೆಲ್ಲ ಕಡಿದ್ರು, ಕಲ್ಲಿಗೆ ಗುಡ್ಡಕ್ಕೆ ಮದ್ದು ಇಟ್ರು, ನಮ್ಮ ಎಂಐಡಿಸಿಯ ಕೆಮಿಕಲ್ಲಿನ ಹೊಗೆ ಬೇರೆ. ಹಕ್ಕಿ ಎಲ್ಲಿಂದ ಬರ್ತದೆ? ಗುಡ್ಡವೇ ಸತ್ತ ಹಾಗೆ ಉಂಟು” ಎಂದು ಒಂದು ಭಾನುವಾರ ವಾಪಸು ಗಾಡಿಯಲ್ಲಿ ಕೂತು ಸರ್ಕಾರವನ್ನು ಬೈದರು. ಬೋಗಿಯ ಜನರೆಲ್ಲ ತಿರುಗಿ ನೋಡಿದರು. ಆದರೆ ಅಂದು ಬೆಳಗಿನಿಂದ ನಾನು ಗುಡ್ಡದಲ್ಲಿ ಕಂಚುಗಾರನ ಕೂಗು ಕೇಳುತ್ತಲೇ ಇದ್ದೆ. ಅಷ್ಟು ಮಾಮೂಲಿ ದನಿಗೆ ಬೆರಳು ತೋರುವುದೇಕೆಂದು ಸುಮ್ಮನಿದ್ದೆ.

ಆ ವಾರ ಅದನ್ನು ಅಪ್ಪನಿಗೆ ಹೇಳಲಿಲ್ಲ. ಅಮ್ಮನ ಹತ್ತಿರ ಹೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿ, “ಸುಮ್ಮನಿರು, ಶೀತಕ್ಕೆ ಕಿವಿ ಕಟ್ಟಿರ್ಬೇಕು” ಎಂದಳು. ಅಂದಿನಿಂದ ಅವಳು ಅಪ್ಪನ ಎದುರಿಗೆ ಹೋಗಿ ನಿಂತೇ ಮಾತಾಡತೊಡಗಿದಳು. ಗೋರ್ಕಲ್ಲಿನ ಗಾದೆ ಮತ್ತೆ ಅವಳ ಬಾಯಲ್ಲಿ ಬರಲಿಲ್ಲ.

ಮರುವಾರ ಗುಡ್ಡದಲ್ಲಿ ಒಂದು ಗೋಳಿಮರದ ಕೆಳಗೆ ಕೂತಿದ್ದೆವು. ಮೇಲೆ ಎಲ್ಲೋ ಕಂಚುಗಾರ ಶುರುಮಾಡಿತ್ತು. ಅಪ್ಪ ತಮ್ಮಷ್ಟಕ್ಕೆ ದುರ್ಬೀನಿನಲ್ಲಿ ಕೊಂಬೆಕೊಂಬೆ ನೋಡುತ್ತಿದ್ದವರು ಒಂದು ಕಡೆ ದೃಷ್ಟಿ ನೆಟ್ಟರು. ಮುಖ ಅರಳಿತು. ಅಂಗೈ ಕೆಳಕ್ಕೆ ಒತ್ತಿ ನನಗೆ ‘ಅಲುಗಾಡಬೇಡ’ ಎಂದರು. ಬಂದಿತ್ತಲ್ಲ ಅವರ ಹಕ್ಕಿ!

ಕಂಚುಗಾರ ಕೂಗುವಾಗ ಕೊಕ್ಕು ತೆರೆಯುವುದಿಲ್ಲ. ಪ್ರತಿ ಕೂಗಿಗೂ ಗಂಟಲು ಉಬ್ಬಿ ಇಳಿಯುತ್ತದೆ, ಅಷ್ಟೆ. ಅದನ್ನು ನನಗೆ ಕಲಿಸಿದವರೇ ಅಪ್ಪ. ಆ ಗಂಟಲು ಉಬ್ಬಿ ಇಳಿಯುವುದನ್ನು ಅವರು ನೋಡುತ್ತಲೇ ಇದ್ದರು. ಅರಳಿದ ಮುಖ ಮೆಲ್ಲನೆ ಇಳಿಯಿತು. ದುರ್ಬೀನು ತೆಗೆದು, ಗಾಜು ಒರೆಸಿ, ಮತ್ತೆ ನೋಡಿದರು. ಅಳು ತಡೆಯಲು ನಾನು ದುಪಟ್ಟಾ ಬಾಯಿಗೆ ಒತ್ತಿಕೊಂಡೆ.

“ಕೂಗ್ತಾ ಉಂಟಾ?” ಎಂದರು ಅಪ್ಪ.

ಅವರು ಅದನ್ನು ಪಿಸುಮಾತೆಂದುಕೊಂಡಿದ್ದರು. ಅದು ಪ್ರೆಸ್ ಶಾಪು ಕೊಟ್ಟ ದನಿ. ಹಕ್ಕಿ ಪುರ್ರನೆ ಹಾರಿಹೋಯಿತು, ಅದರ ಜೊತೆಗೆ ಮರದಲ್ಲಿದ್ದ ಇನ್ನೆಲ್ಲವೂ.

ನಾನು ಹೌದೆಂದು ತಲೆಯಾಡಿಸಿದೆ. ಅಪ್ಪ ಖಾಲಿ ಕೊಂಬೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ದುರ್ಬೀನಿನ ಪಟ್ಟಿಯನ್ನು ಕುತ್ತಿಗೆಯಿಂದ ತೆಗೆದು ನನ್ನ ಕುತ್ತಿಗೆಗೆ ಹಾಕಿದರು.

“ಇನ್ನು ನೀನೊಬ್ಬಳೇ ಬಾ. ನಾನು ಬರುದಿಲ್ಲ ಮಗಾ. ನನ್ನ ಸ್ವರ ನನಗೇ ಗೊತ್ತಾಗುದಿಲ್ಲ. ಸುಮ್ಮನೆ ಹಕ್ಕಿಗಳಿಗೆ ಉಪದ್ರ.”

ಚಪ್ಪಲಿ ಮೆಟ್ಟಿ ಇಳಿಜಾರಿನಲ್ಲಿ ಮುಂದೆ ನಡೆದರು. ಅವಲಕ್ಕಿಯ ಡಬ್ಬಿ ಮರದ ಬುಡದಲ್ಲೇ ಇತ್ತು. “ಅಪ್ಪಾ” ಎಂದು ಕರೆದೆ. ಕಾಡಿನಲ್ಲಿ ಕೂಗಬಾರದೆಂಬುದನ್ನೂ ಮರೆತು ಗಂಟಲು ಹರಿಯುವಂತೆ ಕರೆದೆ. ಅವರು ಇಳಿಯುತ್ತಲೇ ಇದ್ದರು.